ಒಂದು ರೌಂಡು ಹೊಡದು ನೋಡ್ತೇನಿ

ಟೆಸ್ಟ್ ರೈಡ್ ಹೇಗೆ ಕೊಡಬೇಕು ಅಂತ ಕಂಪನಿಯವರು ನಮಗೊಂದು ಪುಸ್ತಕ ಕೊಟ್ಟಿದ್ದಾರೆ. ಗಿರಾಕಿಯನ್ನು ನಗುಮುಖದಿಂದ ಮಾತಾಡಿಸಿ, ಹೆಲ್ಮೆಟ್ ಕೊಡಿ, ಎರಡು ಕಿಲೋಮೀಟರ್ ಓಡಿಸಲು ಬಿಡಿ, ಅಭಿಪ್ರಾಯ ಕೇಳಿ. ಇಷ್ಟೇ. ಅದನ್ನು ಬರೆದ ಪುಣ್ಯಾತ್ಮ ಹಾನಗಲ್ಲಿಗೆ ಬಂದವನಲ್ಲ. ಬಂದಿದ್ದರೆ ಎರಡನೇ ಪುಟಕ್ಕೇ ಪೆನ್ನು ಮುಚ್ಚಿ ಊರು ಸೇರುತ್ತಿದ್ದ. ನಾನು ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ವಾರಕ್ಕೊಮ್ಮೆಯಾದರೂ ತಲೆ ಚಚ್ಚಿಕೊಳ್ಳುವಂಥದ್ದು ಏನಾದರೊಂದು ನಡೆಯದಿದ್ದರೆ ಆ ವಾರ ರಜೆ ಇತ್ತು ಅಂತಲೇ ಅರ್ಥ.

ನಮ್ಮ ಬೈಕ್ ಶೋರೂಮು ಇರುವುದು ಹಾನಗಲ್ಲಿನಲ್ಲಿ. ಆದರೆ ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಸಂತೆಯ ದಿನ ಅಲ್ಲೆಲ್ಲ ಹೋಗಿ ಕೊಡೆ ಹಾಕಿ, ಬ್ಯಾನರ್ ಕಟ್ಟಿ, ಡೆಮೋ ಗಾಡಿ ನಿಲ್ಲಿಸಿಕೊಂಡು ಕೂರುವುದೂ ನನ್ನದೇ ಪಾಲು. ಡೆಮೋ ಗಾಡಿ ಅಂದರೆ ಗಿರಾಕಿಗಳು ಓಡಿಸಿ ನೋಡಲಿ ಅಂತ ಇಟ್ಟದ್ದು. ಕಂಪನಿಯ ಅತಿ ಸಾದಾ ಮಾದರಿ, ನೂರು ಸಿಸಿ, ಕರಿ ಬಣ್ಣ, ನೀಲಿ ಪಟ್ಟಿ, ಟ್ಯಾಂಕಿನ ಮೇಲೆ ‘ಟೆಸ್ಟ್ ರೈಡ್’ ಅಂತ ಒಂದು ಸ್ಟಿಕ್ಕರ್.

ಇಷ್ಟು ವರ್ಷ ಗಾಡಿ ಮಾರಿದರೂ ನನಗೆ ಸ್ವಂತದ್ದೊಂದು ಗಾಡಿಯಿಲ್ಲ. ನನ್ನ ಹೆಂಡತಿ ಆಡೂರಿನ ಅಂಗನವಾಡಿಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. “ತಾಲೂಕಿಗೆಲ್ಲ ಗಾಡಿ ಹಂಚೀರಿ, ನನ್ನ ಕೈಗೆ ಮಾತ್ರ ಬಸ್ಸಿನ ಕಂಬಿ ಕೊಟ್ಟೀರಿ” ಎಂಬುದು ನಮ್ಮ ಮನೆಯ ಸುಪ್ರಭಾತ. ಕಳೆದ ವರ್ಷ ಹೊಸ ಡೆಮೋ ಬಂದಾಗ ಧೈರ್ಯ ಮಾಡಿ ಮಾಲಕರನ್ನು ಕೇಳಿಯೇಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ ಹೇಳಿದರು: “ದೀಪಾವಳಿ ಪಾಡ್ಯಾಕ್ಕ ಬ್ಯಾರೆ ಡೆಮೋ ಬರ್ತೈತಿ. ಅವತ್ತು ಈ ಗಾಡಿ ಕಡಿಮಿ ದರಕ್ಕ ನಿನಗ. ಆದ್ರ ಒಂದು ಮಾತು. ಅಲ್ಲೀಮಟ ಒಂದು ಗೀರು ಬೀಳಬಾರದು. ಬಿತ್ತೋ, ಹೊರಗ ಮಾರಿಬಿಡ್ತೇನಿ.”

ಅಂದಿನಿಂದ ನನ್ನ ಜೀವ ಆ ಗಾಡಿಯ ಬಣ್ಣದ ಮೇಲೆ ನಿಂತಿತು. “ಒಂದು ರೌಂಡು ಹೊಡದು ನೋಡ್ತೇನಿ” ಅಂತ ಯಾರಾದರೂ ಕೈಚಾಚಿದರೆ ಸಾಕು, ಕೀಲಿಯಲ್ಲ, ಮನೆಯ ಮಗುವನ್ನೇ ಕೊಟ್ಟಂತೆ ಆಗುತ್ತಿತ್ತು. ಮಾಲಕರಿಗೆ ಗಾಡಿ ಮಾರಾಟವಾಗಬೇಕು, ನನಗೆ ಗೀರು ಬೀಳಬಾರದು. ನಡುವೆ ಈ ಗಿರಾಕಿಗಳು.

ಸೀಟಿನ ಉದ್ದ

ಒಂದು ಬೆಳಿಗ್ಗೆ ಹಾನಗಲ್ಲಿನಲ್ಲಿ ಶೋರೂಮಿನ ಶಟರ್ ಎತ್ತುವುದರೊಳಗೆ ಒಬ್ಬ ರೈತ ಹೆಂಡತಿ ಮತ್ತು ಎರಡು ಮಕ್ಕಳ ಸಮೇತ ಬಂದು ನಿಂತಿದ್ದ. ಜೊತೆಗೆ ಎರಡು ಖಾಲಿ ಹಾಲಿನ ಕ್ಯಾನು, ಒಂದು ಹಿಂಡಿ ಚೀಲ. ಪೇಟೆ ಮುಗಿಸಿಕೊಂಡು ಬಂದಿರಬೇಕು ಅಂದುಕೊಂಡೆ. ಅಲ್ಲ, ಅದೆಲ್ಲ ಟೆಸ್ಟ್ ರೈಡಿಗೆಂದೇ ಮನೆಯಿಂದ ತಂದ ಸಾಮಾನು.

ಮೊದಲು ಒಬ್ಬನೇ ಓಡಿಸಿಕೊಂಡು ಬಂದ. “ಚಲೋ ಐತ್ರಿ. ಆದ್ರ ನಾ ಒಬ್ನ ಯಾವತ್ತು ಅಡ್ಡಾಡೇನಿ?” ಎಂದು ಹೆಂಡತಿಯನ್ನು ಕೂರಿಸಿಕೊಂಡು ಇನ್ನೊಂದು ರೌಂಡು ಹೋದ. ಮೂರನೇ ಸಲ ಒಂದು ಮಗು ಟ್ಯಾಂಕಿನ ಮೇಲೆ, ಇನ್ನೊಂದು ನಡುವೆ. ನಾಲ್ಕನೇ ಸಲ ಕ್ಯಾನುಗಳನ್ನು ಎತ್ತಿಕೊಂಡು ನಮ್ಮ ಗಾಡಿ ತೊಳೆಯುವ ನಲ್ಲಿಯ ಕಡೆ ನಡೆದ.

“ನೀರು ಯಾಕ್ರಿ?” ಅಂದೆ.

“ಖಾಲಿ ಕ್ಯಾನು ಇಟ್ಟು ನೋಡಿದ್ರ ಅದ್ಯಾವ ಟೆಸ್ಟ್ ರಿ? ನಾ ಡೇರಿಗೆ ಗಾಳಿ ಹಾಕ್ತೇನೇನು?”

ಎರಡು ಕಡೆ ಎರಡು ತುಂಬಿದ ಕ್ಯಾನು ತೂಗುಹಾಕಿದ. ನಾನು ಓಡಿಹೋಗಿ ನನ್ನ ಟವೆಲ್ಲು, ಮಾಲಕರ ಕುರ್ಚಿಯ ಮೇಲಿನ ಹಾಸು, ಒಂದು ಹಳೆಯ ಬ್ಯಾನರ್ ಎಲ್ಲ ತಂದು ಕ್ಯಾನಿನ ಕೆಳಗೆ ತುರುಕಿದೆ. ಕಂಪನಿಯ ಪುಸ್ತಕದಲ್ಲಿ ಇಬ್ಬರಿಗೆ ಮಾತ್ರ ಅವಕಾಶ ಅಂತ ಬರೆದಿದೆ ಅಂತ ಬೇಡಿಕೊಂಡೆ. ಅವನು ಗಂಭೀರವಾಗಿ ಕೇಳಿದ: “ಇಬ್ಬರು ಅಂದ್ರ ಹುಡುಗೂರನ್ನ ಹಿಡದೋ, ಬಿಟ್ಟೋ?”

ಹಿಂಡಿ ಚೀಲವನ್ನೂ ಮುಂದೆ ಇಟ್ಟುಕೊಂಡು ಹೊರಟ. ನಾನು ರಸ್ತೆಯ ಮಧ್ಯೆ ನಿಂತು ಮನೆದೇವರನ್ನು ನೆನೆದೆ. ಹತ್ತು ನಿಮಿಷದ ಮೇಲೆ ಎಲ್ಲರೂ ಕ್ಷೇಮವಾಗಿ ವಾಪಸು ಬಂದರು. ಗಾಡಿಗೆ ಏನೂ ಆಗಿರಲಿಲ್ಲ, ನನ್ನ ಟವೆಲ್ಲು ಮಾತ್ರ ಎಲ್ಲೋ ಬಿದ್ದಿತ್ತು. ರೈತನ ಮುಖ ಅರಳಿತ್ತು. “ಬರ್ಕೋರಿ. ಗಾಡಿ ಅಂದ್ರ ಇದು” ಅಂದ.

ಅಲ್ಲಿಯವರೆಗೂ ಬಾಯಿ ಬಿಡದಿದ್ದ ಅವನ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: “ಬ್ಯಾಡ.”

“ಯಾಕ ಅಕ್ಕಾರ? ಎಲ್ಲಾರೂ ಆರಾಮ ಕುಂತಿದ್ರಲ್ಲ!”

ಅವಳು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಅಂದಳು: “ಅದ ತ್ರಾಸ್ ರಿ. ಸೀಟು ಉದ್ದ ಐತಿ. ಇನ್ನೊಬ್ರಿಗೆ ಜಾಗ ಐತಿ ಅಂತ ಗೊತ್ತಾತೋ, ನಾಳಿಂದ ಇವರ ಅವ್ವನೂ ಹತ್ತಿ ಕುಂದರ್ತಾಳ.”

ಮಾಸ್ತರರ ಮೈಲೇಜು

ಶಿಗ್ಗಾವಿಯಲ್ಲಿ ಗಣಿತದ ಮಾಸ್ತರರೊಬ್ಬರು ಕೊಡೆಯ ಕೆಳಗೆ ಬಂದರು. ಕಂಪನಿಯ ಕಾಗದದಲ್ಲಿದ್ದ ಮೈಲೇಜಿನ ಅಂಕಿಯನ್ನು ಬೆರಳಿಟ್ಟು ಓದಿ, “ಇದನ್ನ ಬರದಾಂವ ಗಾಡಿ ಮಾರಾಂವ. ಮಾರಾಂವನ ಮಾತು ನಂಬ್ತಾರೇನ್ರಿ? ನಾ ಸ್ವತಾ ತಗದು ನೋಡ್ತೇನಿ” ಅಂದರು.

ಚೀಲದಿಂದ ಒಂದು ಬಾಟಲಿ ತೆಗೆದರು. ಎಮ್ಮೆಗೆ ಔಷಧ ಕುಡಿಸುವ ಬಾಟಲಿ. ಅದರ ಮೇಲೆ ಗೆರೆ ಎಳೆದು ಗುರುತು ಹಾಕಿದ್ದರು. ಗಾಡಿಯ ಟ್ಯಾಂಕನ್ನು ಪೂರ್ತಿ ಬರಿದು ಮಾಡಿಸಿ, ಬಾಟಲಿಯಿಂದ ಅರ್ಧ ಲೀಟರ್ ಮಾತ್ರ ಹಾಕಿದರು. ಒಂದು ಹನಿ ಬಾಯಿಯಲ್ಲಿ ಉಳಿಯಿತೆಂದು ಬಾಟಲಿಯನ್ನು ಎರಡು ನಿಮಿಷ ತಲೆಕೆಳಗು ಹಿಡಿದು ನಿಂತರು. ಗಾಡಿಯನ್ನು ಒಬ್ಬರೇ ಒಯ್ಯಲು ನಾನು ಬಿಡಲಿಲ್ಲ. ಕೊಡೆ, ಮೇಜನ್ನು ಪಕ್ಕದ ಬೆಲ್ಲದ ಅಂಗಡಿಯವನಿಗೆ ಒಪ್ಪಿಸಿ ಹಿಂದೆ ಹತ್ತಿ ಕುಳಿತೆ. ಹುಲಗೂರಿನ ಕಡೆ ಹೊರಟೆವು.

ನನ್ನ ಮದುವೆಯ ಮೆರವಣಿಗೆಯೂ ಅಷ್ಟು ನಿಧಾನವಾಗಿ ಹೋಗಿರಲಿಲ್ಲ. ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟಿ ಹೋಗುತ್ತ “ಏನಾಗೇತ್ರಿ ಗಾಡಿಗೆ?” ಅಂತ ಕಳಕಳಿಯಿಂದ ಕೇಳಿದ. ಇಳಿಜಾರು ಬಂದರೆ ಮಾಸ್ತರರು ಎಂಜಿನ್ ಬಂದ್ ಮಾಡುತ್ತಿದ್ದರು. ಏರು ಬಂದರೆ ತಿರುಗಿ ನನ್ನನ್ನು ನೋಡುತ್ತಿದ್ದರು.

“ಸ್ವಲ್ಪ ಇಳೀರಿ. ನಿಮ್ಮ ವಜ್ಜಿ ಲೆಕ್ಕಾ ಕೆಡಸಾಕತ್ತೈತಿ.”

ಇಳಿದೆ. ನಡೆದೆ. ಏರಿನ ತುದಿಯಲ್ಲಿ ಹತ್ತಿಸಿಕೊಂಡರು. ಮುಂದಿನ ಏರಿನಲ್ಲಿ ಮತ್ತೆ ಇಳಿಸಿದರು. ಆ ರಸ್ತೆಯಲ್ಲಿ ಅಷ್ಟು ಏರುಗಳಿವೆ ಅಂತ ಬಸ್ಸಿನಲ್ಲಿ ಹೋಗುವಾಗ ನನಗೆ ಯಾವತ್ತೂ ಗೊತ್ತಾಗಿರಲಿಲ್ಲ. ಹುಲಗೂರು ದಾಟಿ, ತಿರುಗಿ ಬರುವಾಗ ಎರಡೂ ಕಡೆ ಗೋವಿನಜೋಳದ ಹೊಲ, ಒಂದು ಮನೆಯಿಲ್ಲ, ಒಂದು ಗುಡಿಯಿಲ್ಲ, ಅಂಥಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಮಾಸ್ತರರು ಮೀಟರ್ ನೋಡಿ, ಕಿಸೆಯ ಪುಸ್ತಕದಲ್ಲಿ ಬರೆದುಕೊಂಡು, “ಭೇಷ್!” ಅಂದರು.

“ಈಗ ಪೆಟ್ರೋಲ್ ಹಾಕ್ರಿ ಮಾಸ್ತರ, ಹೋಗೂಣು.”

“ಪೆಟ್ರೋಲಾ? ತಂದಿಲ್ಲಲ್ರಿ. ತಂದಿದ್ರ ಗಾಡಿ ನಿಂತಿದ್ದು ಟೆಸ್ಟ್ ಹೆಂಗಾಗ್ತಿತ್ತು?”

ಅಷ್ಟರಲ್ಲಿ ಒಂದು ಟಂಟಂ ರಿಕ್ಷಾ ಬಂತು. ಮಾಸ್ತರರು ಕೈಮಾಡಿ ಹತ್ತಿ, ಶಾಲೆಗೆ ಹೊತ್ತಾಯಿತೆಂದು ಹೋಗಿಬಿಟ್ಟರು. ನಾನು ಆ ಬಿಸಿಲಿನಲ್ಲಿ ಗಾಡಿ ತಳ್ಳಿಕೊಂಡು ಪೆಟ್ರೋಲ್ ಬಂಕ್ ಮುಟ್ಟುವಷ್ಟರಲ್ಲಿ ನನ್ನ ಮೈಲೇಜು ಮುಗಿದಿತ್ತು. ಬಂಕಿನವನು ಕಂಪನಿಯ ಜಾಹೀರಾತು ಬರೆದ ನನ್ನ ಟೀ ಶರ್ಟು ನೋಡಿ, “ಭಾಳ ಮೈಲೇಜ್ ಕೊಡ್ತೈತಿ ಅಂತ ಬರ್ದೀರಲ್ರಿ” ಅಂದ. ಅವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಇಷ್ಟಾದರೂ ಗಿರಾಕಿ ಕೈಬಿಡಬಾರದಲ್ಲ. ಸಂಜೆ ನಾನೇ ಫೋನ್ ಮಾಡಿದೆ. “ಮಾಸ್ತರ, ಮೈಲೇಜು ಖಾತ್ರಿ ಆತಲ್ಲ? ಬುಕ್ ಮಾಡೂಣೇನ್ರಿ?”

“ಎಲ್ಲಿ ಖಾತ್ರಿ ರಿ? ಮನಿಗೆ ಬಂದು ಲೆಕ್ಕಾ ಹಾಕಿದೆ, ತಪ್ಪಾಗೇತಿ. ನೀವು ಅರ್ಧ ದಾರಿ ಕುಂತ್ರಿ, ಅರ್ಧ ದಾರಿ ನಡದ್ರಿ. ಹಿಂಗ ಮಾಡಿದ್ರ ಉತ್ತರ ಬರೂದಿಲ್ಲ. ಮುಂದಿನ ಸಂತಿಗೆ ಮತ್ತ ಹೋಗೂಣು. ಒಂದೋ ಪೂರ್ತಿ ಕುಂದರ್ರಿ, ಇಲ್ಲಾ ಪೂರ್ತಿ ನಡೀರಿ.”

ಬುದ್ಧಿ ಹೇಳುವವರು

ನಮ್ಮ ಕಡೆ ಯಾರೂ ಒಬ್ಬರೇ ಬಂದು ಗಾಡಿ ಕೊಳ್ಳುವುದಿಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸಲು ಒಬ್ಬ ತಿಳಿದವನನ್ನು ಕರೆದುಕೊಂಡು ಹೋದ ಹಾಗೆ, ಗಾಡಿಗೂ ಒಬ್ಬ ತಿಳಿದವರು ಬೇಕು. ಸವಣೂರಿನಲ್ಲಿ ಅಂಥವರೊಬ್ಬರು ಇದ್ದಾರೆ. ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ. ತಮ್ಮ ಹಳೆಯ ಟೂ ಸ್ಟ್ರೋಕ್ ಗಾಡಿಯನ್ನು ಇಪ್ಪತ್ತು ವರ್ಷದಿಂದ ತಾವೇ ಬಿಚ್ಚಿ ತಾವೇ ಕೂಡಿಸಿಕೊಂಡು ಬಂದವರು. ಅವರು ಬರುವ ಮುಂಚೆ ಹೊಗೆ ಬರುತ್ತದೆ, ಹೊಗೆಗೂ ಮುಂಚೆ ಸದ್ದು ಬರುತ್ತದೆ.

ಒಬ್ಬ ವೀಳ್ಯದೆಲೆ ವ್ಯಾಪಾರಿ ಈ ಚಾಚಾರನ್ನು ಮುಂದಿಟ್ಟುಕೊಂಡು ಬಂದ. ಚಾಚಾ ಬಾಯಿತುಂಬ ಸವಣೂರು ಎಲೆ ತುಂಬಿಕೊಂಡು ಗಾಡಿಯ ಸುತ್ತ ಮೂರು ಸುತ್ತು ಬಂದರು. ನನಗೆ ಅವರ ಬಾಯಿಯ ಕಡೆಯೇ ಲಕ್ಷ್ಯ. ಅವರು ಮುಖವೆತ್ತಿದರೆ ನಾನು ಟ್ಯಾಂಕಿಗೆ ಅಡ್ಡ ನಿಲ್ಲುತ್ತಿದ್ದೆ. ಕೊನೆಗೆ ರಸ್ತೆಯ ಅಂಚಿಗೆ ಹೋಗಿ ಉಗಿದು ಬಂದು, “ಚಾಲೂ ಮಾಡ್ರಿ” ಅಂದರು. ಚಾಲೂ ಮಾಡಿದೆ.

“ಮಾಡ್ರಿ ಭಾಯಿ, ಚಾಲೂ ಮಾಡ್ರಿ.”

“ಆಗೇತ್ರಿ ಚಾಚಾ.”

ಅವರು ಎಂಜಿನ್ನಿಗೆ ಕಿವಿ ಇಟ್ಟರು. ಮುಖ ಸಣ್ಣದಾಯಿತು. “ಆವಾಜ್ ಎಲ್ಲೈತಿ? ಇದು ಬಂದಿದ್ದು ಎಮ್ಮಿಗೆ ಗೊತ್ತಾಗೂದು ಹೆಂಗ, ದಾರಿ ಬಿಡೂದು ಹೆಂಗ?” ಸೀಟು ಒತ್ತಿ ನೋಡಿದರು, ಮೆತ್ತಗಾಯಿತು. ಬ್ರೇಕು ಹಿಡಿದರು, ಬಿಗಿಯಾಯಿತು. ಚಕ್ರ ತೆಳ್ಳಗೆ, ಕನ್ನಡಿ ಅಗಲ. ಒಂದು ರೌಂಡು ಹೊಡೆಯಲು ಹೋದವರು ದೊಡ್ಡ ಹುಣಸೆ ಮರಗಳ ತನಕ ಹೋಗಿ ಇಪ್ಪತ್ತು ನಿಮಿಷ ಬಿಟ್ಟು ಬಂದರು. ಬಂದವರು ಇಳಿಯದೆ ಇನ್ನೊಂದು ರೌಂಡು ಹೋದರು. ಅದಾದ ಮೇಲೆ ಎಲೆ ವ್ಯಾಪಾರಿಯ ಹೆಗಲ ಮೇಲೆ ಕೈಯಿಟ್ಟು, “ಬ್ಯಾಡ ಬೇಟಾ” ಅಂದರು. ಅವನು ನನಗೆ ನಮಸ್ಕಾರ ಮಾಡಿ ಹೊರಟೇ ಹೋದ. ಆ ತಿಂಗಳು ನಾಲ್ಕು ಗಿರಾಕಿಗಳು ಚಾಚಾರ ಜೊತೆ ಬಂದರು, ನಾಲ್ವರಿಗೂ ಅದೇ ಉತ್ತರ. ದೂರದಲ್ಲಿ ಹೊಗೆ ಕಂಡರೆ ಸಾಕು, ಕೊಡೆ ಮಡಚಿಬಿಡೋಣ ಅನ್ನಿಸುತ್ತಿತ್ತು.

ಮುಂದಿನ ತಿಂಗಳು ಚಾಚಾ ಒಬ್ಬರೇ ಬಂದರು. ಹೊಗೆಯಿಲ್ಲ, ಸದ್ದಿಲ್ಲ, ನಡೆದುಕೊಂಡು. ಅತ್ತಿತ್ತ ನೋಡಿ, “ಒಂದು ಗಾಡಿ ಬರ್ಕೋರಿ. ನನಗ” ಅಂದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. “ನಾಕು ಮಂದಿಗೆ ಬ್ಯಾಡ ಅಂದ್ರಿ! ಈಗ ನಿಮಗ ಹೆಂಗ ಸೇರಿತ್ರಿ?”

“ಸೇರಿದ್ದು ಅವತ್ತ ಸೇರೇತಿ. ಆದ್ರ ಹೂಂ ಅನ್ನಾಕ ನಾ ಯಾಕ ಬೇಕ್ರಿ? ಹೂಂ ಅಂತ ಅವರ ಹೆಂಡ್ರೂ ಅಂತಾರ.”

ಅವಲಕ್ಕಿ

ಹಿರೇಕೆರೂರಿನಲ್ಲಿ ಒಬ್ಬ ಯುವಕ ಬಂದ. ಮಾಸೂರಿನವನು, ನೀರಾವರಿ ಹೊಲ ಇದೆಯಂತೆ. “ನಮ್ಮ ಹೊಲದ ದಾರಿ ಹೆಂಗ ಹತ್ತತೈತಿ ನೋಡಬೇಕ್ರಿ” ಅಂದ. ಹೊಲಕ್ಕೆ ಹೋಗುವವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಸೆಂಟು ಹೊಡೆದುಕೊಂಡು ಯಾಕೆ ಬಂದಿದ್ದಾನೆ ಅಂತ ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹಿಂದೆ ಹತ್ತಿ ಕುಳಿತೆ.

ಮದಗದ ಕೆರೆಯ ದಂಡೆ ದಾಟಿತು, ಹೊಲ ಬರಲಿಲ್ಲ. ಮತ್ತೊಂದು ಊರು ಬಂತು. ಊರಂಚಿನ ಮನೆಯೊಂದರ ಎದುರು ಗಾಡಿ ನಿಲ್ಲಿಸಿ, ‘ಟೆಸ್ಟ್ ರೈಡ್’ ಸ್ಟಿಕ್ಕರಿನ ಮೇಲೆ ಚಂದಗೆ ಟವೆಲ್ಲು ಹಾಸಿ, ಕೈಮುಗಿದ. “ಅಣ್ಣಾರ, ಹೆಣ್ಣು ನೋಡಾಕ ಬಂದೇನಿ. ನಮ್ಮ ಕಾಕಾ ಬರ್ತೇನಿ ಅಂದಾಂವ ಕೈಕೊಟ್ಟ. ಒಂದು ತಾಸು ನೀವ ನಮ್ಮ ಕಾಕಾ ಆಗ್ರಿ.”

ನಾನು ಬಾಯಿ ತೆಗೆಯುವಷ್ಟರಲ್ಲಿ ಆ ಮನೆಯವರು ಕಾಲಿಗೆ ನೀರು ತಂದಾಗಿತ್ತು. ಒಳಗೆ ಕರೆದು ಜಮಖಾನೆಯ ಮೇಲೆ ಕೂರಿಸಿದರು. ಅವಲಕ್ಕಿ ಬಂತು. ಹುಡುಗಿಯ ಅಪ್ಪ ನನ್ನನ್ನೇ ಹಿಡಿದುಕೊಂಡರು. ಹುಡುಗನ ಸ್ವಭಾವ ಹೇಗೆ? ಚಟ ಗಿಟ ಏನಾದರೂ? ಅರ್ಧ ತಾಸಿನ ಹಿಂದೆ ಕಂಡ ಮನುಷ್ಯನ ಬಗ್ಗೆ ನಾನು ಏನು ಹೇಳಲಿ? ಬಾಯಿಗೆ ಬಂದದ್ದು ನನ್ನ ದಿನದ ಪಾಠವೇ: “ಭಾಳ ಸಾದಾ ರಿ. ಖರ್ಚು ಕಡಿಮಿ. ಎಷ್ಟು ದೂರ ಹೋದ್ರೂ ಬಿಸಿ ಆಗೂದಿಲ್ಲ.”

ಹುಡುಗಿ ಚಹಾ ಕೊಡಲು ಬಂದಳು. ಎಲ್ಲರಿಗೂ ಕೊಟ್ಟು, ಬಾಗಿಲ ಬಳಿ ನಿಂತು ಹೊರಗೆ ನಿಲ್ಲಿಸಿದ ಗಾಡಿಯನ್ನೇ ನೋಡಿದಳು. ಗಾಳಿಗೆ ಟವೆಲ್ಲು ಜಾರಿ ಅರ್ಧ ಸ್ಟಿಕ್ಕರ್ ಹೊರಗೆ ಬಂದಿತ್ತು. ಅವಳು ಇಳಿದು ಹೋಗಿ ಟವೆಲ್ಲು ಎತ್ತಿ, ಮಡಚಿ, ತಂದು ಹುಡುಗನ ತೊಡೆಯ ಮೇಲೆ ಇಟ್ಟಳು. ಅವನು ಚಹಾ ಕೆಳಗಿಟ್ಟು ಟವೆಲ್ಲಿನ ಮಡಿಕೆ ಎಣಿಸತೊಡಗಿದ. ನಾನು ಅವಲಕ್ಕಿಯ ತಾಟು ದೂರ ಸರಿಸಿದೆ.

ಅಪ್ಪ ಎದ್ದು ಹೋಗಿ ಸ್ಟಿಕ್ಕರ್ ಓದಿದರು. ಅಲ್ಲಿಂದಲೇ ಕೂಗಿದರು: “ಅಲ್ರಿ, ಇದು ಎಂಥಾ ಗಾಡಿ?” ನಾನು ಎಲ್ಲ ಒಪ್ಪಿಕೊಂಡೆ. ಬೈಗುಳಕ್ಕೆ ತಲೆಬಾಗಿ ನಿಂತೆ. ಅವರು ಬಯ್ಯಲಿಲ್ಲ, ಗಾಡಿಯ ಸೀಟು ಒತ್ತಿ ನೋಡುತ್ತ ಅಂದರು: “ನಾ ಒಂದು ರೌಂಡು ಹೊಡದು ನೋಡ್ಲೇನು?”

ನೋಡಿದರು. ಅಲ್ಲೇ ನಿಂತ ಹೆಜ್ಜೆಯಲ್ಲಿ ಗಾಡಿ ಬುಕ್ ಮಾಡಿದರು. ಹುಡುಗನ ವಿಷಯ ಯಾರೂ ಎತ್ತಲಿಲ್ಲ. ಹೊರಡುವಾಗ ಅವನೇ ಧೈರ್ಯ ಮಾಡಿ ಹುಡುಗಿಯನ್ನು ಕೇಳಿದ: “ಗಾಡಿ ಸುಳ್ಳು ಆದ್ರೂ ಹೊಲ ಖರೆ ಐತ್ರಿ. ನಿಮ್ಮ ವಿಚಾರ ಏನು?”

ಅವಳು ಅಂದಳು: “ನಮ್ಮಪ್ಪ ಗಾಡಿ ತಗೊಳ್ಳೂ ಮುಂದ ಊರು ಸುತ್ತಿ ಬಂದ್ರು. ನನಗ ಮಾತ್ರ ಒಂದು ತಾಟು ಅವಲಕ್ಕಿ ತಿನ್ನೂದ್ರಾಗ ಎಲ್ಲಾ ಗೊತ್ತಾಗಬೇಕೇನ್ರಿ?”

ಕಾಯಿ

ಹೀಗೆ ಹಾಲಿನ ಕ್ಯಾನು, ಎಲೆಯಡಿಕೆ, ಹೆಣ್ಣು ನೋಡುವ ಶಾಸ್ತ್ರ ಎಲ್ಲವನ್ನೂ ದಾಟಿ ದೀಪಾವಳಿ ಬಂತು. ಗಾಡಿಗೆ ಒಂದು ಗೀರಿಲ್ಲ. ಪಾಡ್ಯದ ಹಿಂದಿನ ದಿನ ಮಾಲಕರು ಕೂತು, ಬಗ್ಗಿ, ಟಾರ್ಚು ಹಾಕಿ ನೋಡಿದರು. “ಗೆದ್ದಿ ನೋಡು ನೀನು. ನಾಳೆ ಒಯ್ಯಿ” ಅಂದರು. ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಎದ್ದು ಹೋಗಿ ಒಂದು ಚಲೋ ತೆಂಗಿನಕಾಯಿ ತೆಗೆದಿಟ್ಟಳು. ನನಗೆ ಕಣ್ಣು ಮಂಜಾಯಿತು, ಸುಳ್ಳು ಯಾಕೆ ಹೇಳಲಿ.

ಪಾಡ್ಯದ ದಿನ ನಮ್ಮ ಶೋರೂಮು ಗುಡಿಯೇ ಸರಿ. ಗಾಡಿ ಒಯ್ಯುವವರೆಲ್ಲ ಅವತ್ತೇ ಬರುತ್ತಾರೆ, ಕೈಯಲ್ಲಿ ಕಾಯಿ, ನಿಂಬೆಹಣ್ಣು, ಚೆಂಡುಹೂವಿನ ಮಾಲೆ. ಮೊದಲನೆಯವರು ಒಬ್ಬ ಅಜ್ಜಿ ಮತ್ತು ಅವಳ ಮಗ. ಪೂಜೆಗೆಂದು ಊರಿನ ಅಯ್ಯನವರನ್ನೂ ಕರೆತಂದಿದ್ದರು. ಅವರು ಬುಕ್ ಮಾಡಿದ್ದು ಇದೇ ಮಾದರಿ, ಇದೇ ಕರಿ ಬಣ್ಣ, ನೀಲಿ ಪಟ್ಟಿ. ಅವರ ಹೊಸ ಗಾಡಿ ಒಳಗೆ ತಯಾರಾಗುತ್ತಿತ್ತು, ಸೀರೆ ಗಾರ್ಡ್ ಕೂಡಿಸುವುದು ಬಾಕಿ. ನನ್ನ ಗಾಡಿ, ಹೌದು, ಅಷ್ಟೊತ್ತಿಗೆ ಅದು ನನ್ನದೇ, ಬಾಗಿಲ ಮುಂದೆ ತೊಳೆದು ಒರೆಸಿ ಹೊಳೆಯುತ್ತ ನಿಂತಿತ್ತು.

“ಐದು ನಿಮಿಷ ಅಜ್ಜಿ” ಅಂದು ಮಗನನ್ನು ಸಹಿಗೆ ಒಳಗೆ ಕರೆದುಕೊಂಡು ಹೋದೆ. ಐದು ಹತ್ತಾಯಿತು. ಹೊರಗೆ ಟಪ್ ಅಂತ ಸದ್ದು ಕೇಳಿತು.

ಓಡಿ ಬಂದೆ. ರಾಹುಕಾಲ ಬರುತ್ತದೆಂದು ಅವಸರ ಮಾಡಿದ ಅಯ್ಯನವರು ನನ್ನ ಗಾಡಿಗೇ ಪೂಜೆ ಮುಗಿಸಿಬಿಟ್ಟಿದ್ದರು. ಹ್ಯಾಂಡಲಿಗೆ ಮಾಲೆ, ಚಕ್ರದ ಕೆಳಗೆ ನಿಂಬೆಹಣ್ಣು, ಕಾಯಿ ಎರಡು ಹೋಳು. ಅಜ್ಜಿ ‘ಟೆಸ್ಟ್ ರೈಡ್’ ಸ್ಟಿಕ್ಕರಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು ಕೈಮುಗಿದು ನಿಂತಿದ್ದಳು.

“ಅಜ್ಜೀ! ಇದು ನಿಮ್ಮ ಗಾಡಿ ಅಲ್ಲ!”

ಅವಳು ಕಣ್ಣು ತೆರೆದು ಸಮಾಧಾನದಿಂದ ಅಂದಳು: “ಈಗ ಆತಲ್ಲ ತಮ್ಮಾ.”

“ನಿಮ್ಮದು ಒಳಗೈತಿ, ಹೊಚ್ಚ ಹೊಸಾದು! ಅದಕ್ಕ ಇನ್ನೊಮ್ಮೆ ಪೂಜಿ ಮಾಡೂಣು.”

ಅಯ್ಯನವರು ತಲೆ ಅಲ್ಲಾಡಿಸಿದರು. “ಮಾಡಿದ ಪೂಜಿ ಬಿಟ್ಟು ಬ್ಯಾರೆ ಗಾಡಿ ಒಯ್ದ್ರ ಚಲೋ ಅಲ್ಲ.”

ನಾನು ಮಗನ ಕಡೆ ತಿರುಗಿದೆ. ಎಂಟು ತಿಂಗಳಿಂದ ಹೊಗಳುತ್ತ ಬಂದ ಗಾಡಿಯನ್ನು ಬಾಯಿಗೆ ಬಂದಂತೆ ಬೈದೆ. ಎಷ್ಟೋ ಮಂದಿ ಹತ್ತಿ ಇಳಿದಿದ್ದಾರೆ ಅಂದೆ. ಹಾಲಿನ ಕ್ಯಾನು ಹೊತ್ತಿದೆ, ಕ್ಲಚ್ಚು ಸವೆದಿದೆ, ಸೊಂಟ ಮುರಿದಿದೆ ಅಂದೆ. ಅವನಿಗೆ ಸಂಶಯ ಬಂದು, “ಹಂಗಾರ ಒಂದು ರೌಂಡು ಹೊಡದು ನೋಡ್ತೇನಿ” ಎಂದು ಮಾಲೆ ಸಮೇತ ಹೋದ. ತಿರುಗಿ ಬಂದವನ ಮುಖವೇ ಬೇರೆ. “ಬೆಣ್ಣಿ ಹಂಗ ಐತ್ರಿ! ಇಷ್ಟು ಜ್ವಾಪಾನ ಯಾರು ಮಾಡ್ಯಾರ?”

ಯಾರು ಅಂತ ಹೇಳಲಿ. ಒಂದು ಗೀರಾದರೂ ಬೀಳಿಸಿಕೊಂಡಿದ್ದರೆ ಆವತ್ತು ಉಳಿಯುತ್ತಿತ್ತೇನೋ.

ನನ್ನ ಬತ್ತಳಿಕೆಯಲ್ಲಿ ಕೊನೆಯ ಬಾಣ ಒಂದಿತ್ತು. “ಅಜ್ಜಿ, ಇದಕ್ಕ ಆಗಲೇ ಶೋರೂಮಿನ ಹೆಸರಿಗೆ ನಂಬರ್ ಬಂದೈತಿ. ಕಾಗದದಾಗ ನಿಮ್ಮ ಮಗ ಎರಡನೇ ಮಾಲಕ ಅಂತ ಬರ್ತೈತಿ. ಎರಡನೇದು!”

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. “ಏನಾತ ಎರಡನೇದಾದ್ರ? ನಾನೂ ನಮ್ಮ ಮನಿಯವರಿಗೆ ಎರಡನೇ ಸಂಬಂಧದಾಕಿ. ನಲವತ್ತು ವರ್ಷ ಬಾಳ್ವೆ ಮಾಡೇನಿ. ಎಲ್ಲಿ ಕೆಟ್ಟು ನಿಂತೇನಿ ಹೇಳು?”

ಸುತ್ತ ನಿಂತವರು ಹೋ ಅಂದರು. ನಾನು ಮಾಲಕರ ಮುಖ ನೋಡಿದೆ. ಅವರು ಅಜ್ಜಿಯ ಮುಂದೆ ಕೈಮುಗಿದು, ಎಲ್ಲರಿಗೂ ಕೇಳುವಂತೆ ಘೋಷಿಸಿದರು: “ನಮ್ಮ ಶೋರೂಮಿನ್ಯಾಗ ಪೂಜಿಗೆ ಕಿಮ್ಮತ್ತು ಐತಿ. ಕಾಯಿ ಒಡದ ಮ್ಯಾಲೆ ಆ ಗಾಡಿ ಒಡದವರದ! ನಾ ವಾಪಸ್ ಒಳಗ ತಗೊಳ್ಳಾಂವಲ್ಲ.” ನನ್ನ ಕಿವಿಯಲ್ಲಿ ಮಾತ್ರ, “ನಿನ್ನದು ಮುಂದಿನ ವರ್ಷ ನೋಡೂಣು” ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಕೇಳಿದ್ದೆ. ನನ್ನದು ಬಾಯಿಯೊಳಗಿಂದ ತೆಗೆದಂತಾಯಿತು. ನಾನೇ ಒರೆಸಿ, ನಾನೇ ಗಾಳಿ ನೋಡಿ, ನಾನೇ ಆ ಅಜ್ಜಿಯ ಸೆರಗು ಸರಿಮಾಡಿ ಕೂರಿಸಿ ಕಳಿಸಿಕೊಟ್ಟೆ. ಆ ಗಾಡಿಯ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತೆ.

ತಿರುಗಿದರೆ ನನ್ನ ಹೆಂಡತಿ. ಹಬ್ಬದ ಸೀರೆ ಉಟ್ಟು, ಬಸ್ಸಿಳಿದು, ಆರತಿ ತಟ್ಟೆ ಹಿಡಿದುಕೊಂಡು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. ತಟ್ಟೆಯಲ್ಲಿ ಕುಂಕುಮ, ಹೂವು, ನಿಂಬೆಹಣ್ಣು, ಆ ತೆಂಗಿನಕಾಯಿ.

“ನೋಡಿದ್ಯಾ?” ಅಂದೆ.

“ನೋಡಿದ್ನಿ. ಮಾಲಕರ ಮಾತೂ ಕೇಳಿದ್ನಿ” ಅಂದಳು.

ಅಷ್ಟೇ. ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದಳು. ಅಜ್ಜಿ ಬಿಟ್ಟುಹೋದ ಹೊಚ್ಚ ಹೊಸ ಗಾಡಿ, ಸೀರೆ ಗಾರ್ಡ್ ಸಮೇತ, ತಯಾರಾಗಿ ನಿಂತಿತ್ತು. ಮಾಲಕರು ಕುರ್ಚಿಯಿಂದ ಏಳುವುದರೊಳಗೆ ಅದರ ಹಣೆಗೆ ಕುಂಕುಮ ಬಿತ್ತು, ಹೂವು ಏರಿತು, ಬಿಲ್ಲು ಬರೆಯುವ ಮೇಜಿನ ಕಬ್ಬಿಣದ ಅಂಚಿಗೆ ತೆಂಗಿನಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು. ನೀರು ಮಾಲಕರ ಪುಸ್ತಕದ ಮೇಲೆ ಹಾರಿತು.

“ಏ ತಂಗಿ! ಅದು ಹೊಸಾ ಗಾಡಿ!”

“ಹೌದ್ರಿ ಮಾಲಕರ” ಅಂದಳು ನನ್ನ ಹೆಂಡತಿ, ಕೈ ಒರೆಸಿಕೊಳ್ಳುತ್ತ. “ಕಾಯಿ ಒಡದ ಮ್ಯಾಲೆ ಒಡದವರದಂತ. ದರಾ ಮಾತ್ರ ನೀವು ನಮ್ಮ ಮನಿಯವರಿಗೆ ಹೇಳಿದ್ದ ಕೊಡ್ತೇವಿ.”

ಮಾಲಕರು ಅಯ್ಯನವರ ಕಡೆ ನೋಡಿದರು. ಬಸ್ಸಿಗೆ ಕಾಯುತ್ತ ಕುಳಿತಿದ್ದ ಅವರು ಪ್ರಸಾದದ ಹೋಳು ಕೈಗೆತ್ತಿಕೊಂಡು, “ಚಲೋ ಒಡದೈತಿ” ಅಂದರು. ಅಲ್ಲಿದ್ದ ಮಂದಿಯೆಲ್ಲ ಮಾಲಕರ ಬಾಯಿಯನ್ನೇ ನೋಡುತ್ತಿದ್ದರು. ಅವರು ನನ್ನ ಕೈಗೆ ಕೀಲಿ ಹಾಕಿದರು. ಆಮೇಲೆ ಬಾಗಿಲ ಕಡೆ ದೃಷ್ಟಿ ಹೋಯಿತು. ಬುಕ್ ಮಾಡಿದವರು, ಮಾಡದವರು, ಸುಮ್ಮನೆ ನೋಡಲು ಬಂದವರು, ಎಲ್ಲರೂ ಕಾಯಿ ಹಿಡಿದುಕೊಂಡು ಒಳಗೆ ನುಗ್ಗುತ್ತಿದ್ದರು. ಮಾಲಕರು ಎರಡೂ ಕೈ ಮೇಲೆತ್ತಿ ಕೂಗಿದರು:

“ಲೇ, ಶಟರ್ ಇಳಸ್ರಿ! ಕಾಯಿ ಇದ್ದವರನ್ನ ಒಬ್ಬರನ್ನೂ ಒಳಗ ಬಿಡಬ್ಯಾಡ್ರಿ!”